ಬೈಟು ಕಾಫಿಯ ಲೆಕ್ಕ

ಮಕ್ಕಳೇ, ವಿದ್ಯಾನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಲೆಕ್ಕದ ಟೀಚರಮ್ಮ ಒಬ್ಬರಿದ್ದರು. ಯಾವ ಹೊಸ ಮಾತು ಕಿವಿಗೆ ಬಿದ್ದರೂ ಬೆರಳೆತ್ತಿ, "ಅದ್ಯಾಕ ಹಂಗಂತಾರ?" ಎನ್ನುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ಅಂಗಡಿಯವನೆದುರೂ ಬಾಯಿ ಬಿಡದಿದ್ದ ನನ್ನನ್ನು ಒಂದು ದಿನ ಹರಿಹರದ ಹೋಟೆಲಿಗೆ ಎಳೆದೊಯ್ದರು.

"ಬೈಟು ಕಾಫಿ ಹೇಳ್ರಿ. ನೀವು ಹೇಳೋ ತನಕ ನಾನೂ ಕುಡಿಯಲ್ಲ."

"ಹಂಗಂದ್ರೇನ್ರಿ ಟೀಚರ್?"

ಅವರು ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದು ಬರೆದು, ಗೆರೆ ಎಳೆದು, ಕೆಳಗೆ ಎರಡು ಬರೆದರು. "ಒನ್ ಬೈ ಟೂ. ಒಂದು ಕಾಫಿ, ಇಬ್ಬರಿಗೆ ಅರ್ಧರ್ಧ."

ನಮ್ಮೂರ ಶಾಲೆಯಲ್ಲಿ ಸ್ಲೇಟಿನ ಮೇಲೆ ನಾನು ಬರೆದಿದ್ದ ಅರ್ಧವೇ ಅದು! ಆ ಖುಷಿಗೆ ಎದ್ದುನಿಂತು ಕೂಗಿಯೇಬಿಟ್ಟೆ: "ಒಂದು ಬೈಟು ಕಾಫಿ ತರ್ರಿ!"

ಇಡೀ ಹೋಟೆಲು ತಿರುಗಿ ನೋಡಿತು. ಕಾಫಿ ಬಂದಾಗ ಟೀಚರಮ್ಮ ತಮ್ಮ ಲೋಟದಿಂದ ನನ್ನ ಲೋಟಕ್ಕೆ ಇನ್ನಷ್ಟು ಸುರಿದರು.

"ಅರ್ಧರ್ಧ ಅಂದ್ರಲ್ರಿ?" ಎಂದೆ.

"ಕೂಗಿದೋರಿಗೆ ಒಂದು ಗುಟುಕು ಜಾಸ್ತಿ ರೀ!"