ಗುಲಾಬಿ ಬಣ್ಣದ ಬಿಳಿ ದ್ರಾಕ್ಷಿ

ಗೊಂಚಲು ಗುಲಾಬಿ ಬಣ್ಣದ್ದಾಗಿತ್ತು. "ಇದು ಬಿಳಿ ವೈನಿನ ದ್ರಾಕ್ಷಿ" ಎಂದು ಮಾರ್ಟಿನಾ ಅದನ್ನು ನನ್ನ ಕೈಗಿಟ್ಟಾಗ, ನಾನು ಕಲಿತ ಜರ್ಮನ್ನೇ ತಪ್ಪಿರಬೇಕು ಅಂದುಕೊಂಡೆ. ಅವರು ಒಂದು ಹಣ್ಣು ಹಿಚುಕಿ ತೋರಿಸಿದರು. ಸಿಪ್ಪೆಗಷ್ಟೇ ಬಣ್ಣ, ರಸ ತಿಳಿ. ಹೆಸರು ಗೆವುರ್ಟ್ಸ್‌ಟ್ರಾಮಿನರ್. ‘ಗೆವುರ್ಟ್ಸ್’ ಎಂದರೆ ಮಸಾಲೆ. ಬ್ಯಾಡಗಿಯಿಂದ ಇಷ್ಟು ದೂರ ಬಂದರೂ ಮಸಾಲೆಯ ಹೆಸರಿನ ಮುಂದೆಯೇ ನಿಂತಿದ್ದೆ.

ತೋಟಗಾರಿಕೆ ಓದಿದವಳು ನಾನು. ಜರ್ಮನಿಯ ರೈನ್ ನದಿ ಬದಿಯ ಈ ಹಳ್ಳಿಗೆ ಬಂದದ್ದು ಮಾರ್ಟಿನಾ ಅವರ ದ್ರಾಕ್ಷಿ ತೋಟದ ಕೆಲಸಕ್ಕೆ. ಟ್ರ್ಯಾಕ್ಟರ್ ಶೆಡ್ಡಿನ ಮೇಲಿನ ಕೋಣೆ ನನ್ನದು. ಅರವತ್ತು ದಾಟಿದ ಒಡತಿ, ತನ್ನನ್ನು ‘ಡು’, ಅಂದರೆ ‘ನೀನು’, ಎಂದೇ ಕರೆಯಬೇಕೆಂದರು. ತಿಂಗಳುಗಟ್ಟಲೆ ನಾಲಿಗೆ ಹೊರಳಲಿಲ್ಲ. ಇಲ್ಲಿ ಸಿಗುವ ರೈ ಎಂಬ ಧಾನ್ಯದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದೆ, ಅಂಗೈಗೆ ಅಂಟಿಕೊಂಡಿತು. ಭಾನುವಾರ ಬೀದಿಯಲ್ಲಿ ಒಂದು ದನಿಯೂ ಇರುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು ಅಳುತ್ತಿದ್ದೆ.

ನನ್ನ ಕೈ ಹಿಡಿದದ್ದು ಮೂಗು. ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲ ಬಿಚ್ಚಿದೊಡನೆ ಈ ವರ್ಷದ ಕಾಯಿಯೋ ಕೋಲ್ಡ್ ಸ್ಟೋರೇಜಿನದೋ ಎಂದು ಮೂಸಿ ಹೇಳುವುದನ್ನು ಚಿಕ್ಕಂದಿನಲ್ಲೇ ಕಲಿತಿದ್ದೆ. ಇಲ್ಲಿ ವೈನನ್ನು ಪರೀಕ್ಷಿಸುವವರು ಮೂಸಿ, ಬಾಯಲ್ಲಿ ಆಡಿಸಿ, ಉಗುಳುತ್ತಾರೆ. ಎರಡನೆಯ ವರ್ಷ ಮೂರು ಪೀಪಾಯಿ ಮೂಸಿದೆ. ಎರಡರಲ್ಲಿ ಗುಲ್ಕಂದ್, ಅದರ ಹಿಂದೆ ಒಣಶುಂಠಿ. ಮೂರನೆಯದರಲ್ಲಿ ಒದ್ದೆ ಗೋಣಿಚೀಲದ ವಾಸನೆ. ಜೊತೆಗಿದ್ದ ಉಳಿದವರ ಮೂಗಿಗೆ ಅದು ಸಿಗಲಿಲ್ಲ. ವಾರ ಕಳೆಯುವುದರೊಳಗೆ ಅದು ಕೆಟ್ಟದ್ದು ಎಲ್ಲರಿಗೂ ತಿಳಿಯಿತು. ಮಾರ್ಟಿನಾ ಪೀಪಾಯಿಗಳಿದ್ದ ನೆಲಮಾಳಿಗೆಯ ಕೀಲಿಕೈ ನನಗೇ ಕೊಟ್ಟರು.

ಆ ಖುಷಿಯನ್ನು ರಾಣೆಬೆನ್ನೂರಿನ ಅಕ್ಕನಿಗೆ ಮಾತ್ರ ಹೇಳಲಿಲ್ಲ. ಭಾವ ಕುಡಿದು ಕುಡಿದೇ ತೀರಿಕೊಂಡವರು. ಫೋನಿನಲ್ಲಿ ‘ದ್ರಾಕ್ಷಿ ತೋಟ’ ಎನ್ನುತ್ತಿದ್ದೆ, ತಿನ್ನುವ ಹಣ್ಣೆಂದು ಅವಳು ನಂಬಿದ್ದಳು.

ಹೋದ ವರ್ಷ ರಜೆಗೆ ಊರಿಗೆ ಹೋದಾಗ ಅವಳ ಮನೆಯಲ್ಲೇ ಇಳಿದೆ. ರೊಟ್ಟಿ ಬಡಿಯುತ್ತ ಕೇಳಿದಳು: "ಹಣ್ಣಿನ ತ್ವಾಟದಾಗ ದುಡಿತಿ, ಒಂದಿಷ್ಟು ಒಣದ್ರಾಕ್ಷಿ ತರಬಾರದೇನ?"

ಇನ್ನು ಮುಚ್ಚಿಡಲಾಗಲಿಲ್ಲ. "ಅಕ್ಕಾ, ಅದು ತಿನ್ನೋ ಹಣ್ಣಲ್ಲ. ವೈನ್ ಮಾಡತಾರ. ನಾನೂ ಮಾಡತೇನಿ."

ಅವಳ ಕೈ ನಿಂತಿತು. "ನೀ ಕುಡಿತೀಯೇನ?"

"ಇಲ್ಲ. ಬಾಯಾಗ ಹಾಕ್ಕೊಂಡು ಉಗುಳತೇನಿ."

"ನೀ ಉಗುಳಿದ್ದನ್ನ ಮಂದಿ ನುಂಗತಾರಲ್ಲ?"

"ಅಲ್ಲಿ ಊಟದ ಜೋಡಿ ಒಂದು ಗ್ಲಾಸ್ ಕುಡಿತಾರ, ಅಷ್ಟ."

"ಇವರೂ ಒಂದ ಗ್ಲಾಸ್ ಅಂತನ ಸುರು ಮಾಡಿದ್ರು." ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. "ಅವರು ಹೋದ ಮ್ಯಾಲೆ ಎರಡ ಸಲ ಗ್ವಾಡಿಗೆ ಸುಣ್ಣ ಹೊಡಿಸೇನಿ. ಇನ್ನೂ ಆ ನಾತ ಹೋಗವಲ್ದು. ನಿನ್ನ ಮೂಗಿಗೆ ಬಡೀಲಿಲ್ಲೇನ?"

ಬಡಿದಿರಲಿಲ್ಲ. ಮೂರು ದಿನ ಅದೇ ಮನೆಯಲ್ಲಿ ಉಂಡು ಮಲಗಿದ್ದೆ. ನನಗೆ ಸಿಕ್ಕಿದ್ದು ಹೊಸ ಸುಣ್ಣದ ವಾಸನೆಯೊಂದೇ. ಸೀದ ರೊಟ್ಟಿಯನ್ನು ನಾನೇ ಹೆಂಚಿನಿಂದ ತೆಗೆದೆ. ಮರುದಿನ ಬೆಳಗಿನ ಬಸ್ಸಿಗೆ ಬ್ಯಾಡಗಿಗೆ ಹೊರಟೆ. ಅಕ್ಕ ತಡೆಯಲಿಲ್ಲ.

ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಆ ಹಣ್ಣಿನ ಮೇಲೆ ನನಗೆ ಪ್ರೀತಿ ಹುಟ್ಟಿದೆ, ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆ. ಇಲ್ಲಿಯವರು ಊಟಕ್ಕೆ ಕೂತು ಗ್ಲಾಸ್ ಎತ್ತಿದಾಗ ನಾನು ನೀರಿನ ಲೋಟ ಎತ್ತುತ್ತೇನೆ. ತಾವು ಕುಡಿಯುವುದನ್ನು ಮಾಡಿದವಳು ಯಾಕೆ ಕುಡಿಯುವುದಿಲ್ಲ ಎಂದು ಅವರಿಗೆ ಅರ್ಥವಾಗುವುದಿಲ್ಲ.

ಈ ಸಲದ ಕೊಯ್ಲು ಮುಗಿದ ಮೇಲೆ ಅಕ್ಕನೇ ಫೋನ್ ಮಾಡಿದಳು, ಇಷ್ಟು ತಿಂಗಳಲ್ಲಿ ಮೊದಲ ಸಲ.

"ಯಾವಾಗ ಬರ್ತಿ?"

"ಸಂಕ್ರಾಂತಿಗೆ. ನಿಮ್ಮನಿಗೆ ಬರಲೇನ ಅಕ್ಕಾ?"

"ಊಟಕ್ಕ ಬಾ. ನಿನಗ ಎಣ್ಣೆಗಾಯಿ ಮಾಡತೇನಿ."

"ಇರಾಕ?"

"ಇರಾಕ ಅಪ್ಪನ ಮನಿಗೆ ಹೋಗವ್ವಾ" ಎಂದಳು.