ನೂರನೆಯ ಮನೆಯಲ್ಲಿ ಯಾರಿದ್ದಾರೆ?

ಬಳ್ಳಾರಿಯಲ್ಲಿ ನಾನು ಕಂಡ ಮೊದಲ ನೋಟವೇ ನನ್ನನ್ನು ಬೆಚ್ಚಿಬೀಳಿಸಿತು. ರೈಲು ಇಳಿದು, ಜಟಕಾ ಹತ್ತಿ, ದಂಡಿನ ಮೈದಾನದ ಪಕ್ಕದಲ್ಲಿ ಬರುತ್ತಿದ್ದೆವು. ದಂಡು ಎಂದರೆ ಬಿಳಿಯ ಸೋಲ್ಜರುಗಳ ಪಾಳೆಯ, ಅವರ ಬಂಗಲೆಗಳು, ಅವರದೇ ಬಜಾರು. ಹೊತ್ತು ಇಳಿದಿದ್ದರೂ ಬಿಸಿಲು ಇಳಿದಿರಲಿಲ್ಲ. ಆ ಬಿಸಿಲಲ್ಲಿ, ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ತೊಟ್ಟ ದೊಡ್ಡ ದೊಡ್ಡ ಗಂಡಸರು ಮೈದಾನದ ತುಂಬ ದೂರ ದೂರ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಎಲ್ಲರೂ ನಡುವೆ ನೆಟ್ಟಿದ್ದ ಮೂರು ಕೋಲುಗಳ ಕಡೆಗೇ ನೋಡುತ್ತಿದ್ದರು. ಯಾರೋ ದೊಡ್ಡವರು ತೀರಿಕೊಂಡಿರಬೇಕು, ಇದು ಇವರ ಅಪರಕರ್ಮ ಎಂದುಕೊಂಡು ನಾನು ಜಟಕಾದಲ್ಲೇ ಕೈಮುಗಿದೆ.

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕ್ರಿಕೆಟ್ ಕಣೇ ಅದು. ಚೆಂಡಾಟ.”

“ಚೆಂಡೆಲ್ಲಿ?”

“ಬರುತ್ತೆ. ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.”

ಚೆಂಡು ಬರುವ ಮೊದಲೇ ಜಟಕಾ ತಿರುಗಿಬಿಟ್ಟಿತು. ಮೈಸೂರಿನ ನನ್ನ ಅಕ್ಕತಂಗಿಯರೇ, ಮೂರು ದಿನ ಆಡಿಯೂ ಇಬ್ಬರೂ ಗೆಲ್ಲದೆ ಕೈಕುಲುಕಿ ಮನೆಗೆ ಹೋಗುವ ಆಟವೂ ಅವರಲ್ಲಿ ಉಂಟೆಂದು ಆಮೇಲೆ ತಿಳಿಯಿತು. ನಮ್ಮ ಅತ್ತೆ ಸೊಸೆಯರ ಜಗಳವೂ ಹೀಗೇ ಅಲ್ಲವೇ, ಅದಕ್ಕೇಕೆ ಇಷ್ಟು ದೊಡ್ಡ ಮೈದಾನ ಎಂದು ನಮ್ಮವರನ್ನು ಕೇಳಿದ್ದೆ.

ನಮ್ಮವರು ದಂಡಿನ ಸಾಹೇಬರಿಗೆ ಕನ್ನಡ ಕಲಿಸುವ ಮುನ್ಷಿ. ಆ ಕೆಲಸಕ್ಕಾಗಿ ನಾವು ಬೆಂಗಳೂರು, ಗುಂತಕಲ್ಲು ಎಂದು ರೈಲು ಬದಲಿಸಿಕೊಂಡು ಈ ಬೆಂಕಿಯ ಊರಿಗೆ ಬಂದದ್ದು. ಕೌಲ್ ಬಜಾರಿನಲ್ಲಿ ಗೌರಮ್ಮ ಎಂಬವರ ಮನೆಯ ಮುಂದಿನ ಎರಡು ಕೋಣೆ ನಮಗೆ ಸಿಕ್ಕಿತು. ಗೌರಮ್ಮ ಸಿರುಗುಪ್ಪದ ಹೆಣ್ಣುಮಗಳು, ಲಿಂಗ ಕಟ್ಟಿದವರು, ಗಂಡನದು ಭತ್ತದ ವ್ಯಾಪಾರ. ನಮ್ಮಲ್ಲಿ ಹೆಂಚಿನ ಮನೆಗಳಾದರೆ ಇಲ್ಲಿ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುತ್ತದೆ. ಬಾವಿಯ ನೀರು ಸವುಳು, ಬೇಳೆ ಬೇಯುವುದೇ ಇಲ್ಲ. ನಾನು ಹುಳಿ ಮಾಡಿದರೆ ಅದು ಹುಳಿಯೂ ಅಲ್ಲದೆ ಸಾರೂ ಅಲ್ಲದೆ ಬಟ್ಟಲಲ್ಲಿ ಕುಳಿತು ನನ್ನನ್ನು ಅಣಕಿಸುತ್ತಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಮಾತಿನದು. ಕನ್ನಡ ನಾಡಿನಿಂದ ಕನ್ನಡ ನಾಡಿಗೇ ಬಂದಿದ್ದೇನೆ, ಮಾತಿಗೇನು ಬರ ಎಂದುಕೊಂಡಿದ್ದೆ. ನಾನು “ಉಪ್ಪು ಇದೆಯೇ?” ಎಂದು ಕೇಳಿದರೆ ಅಂಗಡಿಯವನು ಪುರಾಣ ಕೇಳಿದವನ ಹಾಗೆ ಮುಖ ನೋಡಿ, “ಐತ್ರಿ ಅಮ್ಮಾ, ಎಷ್ಟು ಬೇಕು?” ಎನ್ನುತ್ತಿದ್ದ. ಬೆನ್ನ ಹಿಂದೆಯೇ ಪಕ್ಕದವನೊಡನೆ ತೆಲುಗಿನಲ್ಲಿ ಏನೋ ಹೇಳಿ ನಗುತ್ತಿದ್ದ. ಓಣಿಯ ಹೆಂಗಸರು ನನ್ನನ್ನು ಮೈಸೂರಮ್ಮ ಎಂದು ಕರೆದರು. ಕರೆದದ್ದೇನೋ ಪ್ರೀತಿಯಿಂದಲೇ, ಆದರೆ ಹೊಸ್ತಿಲ ಆಚೆ ನಿಲ್ಲಿಸಿ ಮಾತಾಡಿಸುವ ಪ್ರೀತಿ ಅದು. ಮಧ್ಯಾಹ್ನಗಳು ಎಷ್ಟು ಉದ್ದ ಎಂದರೆ, ನಾನು ಗೋಡೆಯ ಹಲ್ಲಿಯೊಡನೆ ಮೈಸೂರು ಕನ್ನಡ ಮಾತಾಡಿಕೊಂಡು ಕಾಲ ಕಳೆಯುತ್ತಿದ್ದೆ. ಅಳುತ್ತಿದ್ದೆ ಕೂಡ. ನೋಡಲಾರದೆ ನಮ್ಮವರು ಒಂದು ಮಾತು ಕೊಟ್ಟರು: “ಸಂಕ್ರಾಂತಿಗೆ ನಿಮ್ಮಣ್ಣ ಬರುತ್ತಾನೆ. ಅಷ್ಟು ಹೊತ್ತಿಗೆ ಇಲ್ಲಿ ನಿನ್ನ ಮನಸ್ಸು ನಿಲ್ಲದಿದ್ದರೆ ಅವನ ಜೊತೆ ಹೊರಟುಬಿಡು. ನಾನು ಹೇಗೋ ಬೇಯಿಸಿಕೊಂಡು ತಿನ್ನುತ್ತೇನೆ.” ನೀರು ಕಾಯಿಸಲು ಹೋಗಿ ಪಾತ್ರೆ ಸುಟ್ಟವರು ಅವರು. ಆ ಮಾತು ಕೇಳಿ ನನಗೆ ಇನ್ನಷ್ಟು ಅಳು ಬಂತು. ಆದರೂ ಒಪ್ಪಿಕೊಂಡೆ.

ಮಳೆಗಾಲ ಕಳೆದ ಮೇಲೆ ಒಬ್ಬ ಕಪ್ತಾನರ ಹೆಂಡತಿಗೆ ಕನ್ನಡ ಕಲಿಯುವ ಮನಸ್ಸಾಯಿತು. ಮುನ್ಷಿಯ ಹೆಂಡತಿ ಓದುಬರಹ ಬಲ್ಲವಳು ಎಂದು ಯಾರೋ ಹೇಳಿದರಂತೆ. ವಾರಕ್ಕೆ ಎರಡು ಸಲ ಜಟಕಾ ಬಂದು ನನ್ನನ್ನು ಬಂಗಲೆಗೆ ಒಯ್ಯುತ್ತಿತ್ತು. ಇಲ್ಲಿಯವರು ಬಿಳಿಯ ಹೆಂಗಸರನ್ನು ದೊರೆಸಾನಿ ಎನ್ನುತ್ತಾರೆ. ನಮ್ಮ ದೊರೆಸಾನಿಗೆ ನನಗಿಂತ ಹೆಚ್ಚು ವಯಸ್ಸಿರಲಿಲ್ಲ, ಮೂಗಿನ ಮೇಲೆ ಚುಕ್ಕೆ ಚುಕ್ಕೆ, ನಗು ಮಾತ್ರ ಇಡೀ ಬಂಗಲೆಗೆ ಕೇಳುವಷ್ಟು. ಮನೆಗೆ ಬಂದು ನಾನು ತಲೆಯ ಮೇಲೆ ನೀರು ಸುರಿದುಕೊಂಡು ಮಡಿಯಾಗುತ್ತಿದ್ದೆ. ಅದನ್ನು ಕೇಳಿ ಅವಳು, ತನ್ನ ಗಂಡನೂ ಕ್ರಿಕೆಟ್ಟಿನಿಂದ ಬಂದರೆ ಹಾಗೇ ಮಾಡಬೇಕು ಎಂದಳು.

ನಾನು ಕಲಿಸಿದ ‘ಇದೆಯೇ’ಯನ್ನು ಅವಳು ಅಡಿಗೆಯವನ ಮೇಲೆ ಪ್ರಯೋಗಿಸಿದಳು. ಅವನು ಮುಸಿಮುಸಿ ನಕ್ಕ. ಆಗ ನಾವಿಬ್ಬರೂ ಒಂದೇ ದೋಣಿಯವರು ಎಂದು ತಿಳಿದು, ನಾನು ಗೌರಮ್ಮನವರ ಹತ್ತಿರ ಬಳ್ಳಾರಿ ಮಾತು ಕಲಿಯಲು ಕುಳಿತೆ. ‘ಐತಿ’, ‘ಅದೀನಿ’, ‘ಹೋಗಾಕ’. ಬೆಳಿಗ್ಗೆ ನಾನು ಕಲಿತದ್ದನ್ನು ಸಂಜೆ ದೊರೆಸಾನಿ ಕಲಿಯುತ್ತಿದ್ದಳು. ಗೌರಮ್ಮನವರಿಗೆ ಇದರಿಂದ ಎಲ್ಲಿಲ್ಲದ ಹೆಮ್ಮೆ. “ನಮ್ಮ ಮಾತು ಬಿಲಾತಿಗೆ ಹೊಂಟೈತಿ ನೋಡ್ರಿ” ಎಂದು ಓಣಿಗೆಲ್ಲ ಸಾರಿದರು.

ದೊರೆಸಾನಿಗೆ ನಾಟಕದ ಹುಚ್ಚು. ಡಿಸೆಂಬರಿನಲ್ಲಿ ಅವರ ದೊಡ್ಡ ಹಬ್ಬ. ಆಗ ದಂಡಿನ ಸಾಹೇಬರೇ ಬಣ್ಣ ಹಚ್ಚಿಕೊಂಡು ಆಡುವ ಒಂದು ಬಗೆಯ ನಾಟಕವುಂಟು. ‘ಪ್ಯಾಂಟೊಮೈಮ್’ ಎನ್ನುತ್ತಾರೆ. ಅದರಲ್ಲಿ ಮುದುಕಿಯ ಪಾತ್ರಕ್ಕೆ ಮೀಸೆ ಹೊತ್ತ ಮೇಜರು, ರಾಜಕುಮಾರನ ಪಾತ್ರಕ್ಕೆ ಹುಡುಗಿ! ನೋಡುವವರು ಸುಮ್ಮನೆ ಕೂರುವಂತಿಲ್ಲ, ಖಳ ಬಂದರೆ ಎಲ್ಲರೂ ಕೂಗಿ ಎಚ್ಚರಿಸಬೇಕು. ಹಿಂದೆ ತಮ್ಮ ದೇಶದಲ್ಲಿ ಹೆಂಗಸರು ರಂಗದ ಮೇಲೆ ಕಾಲಿಡುವಂತೆಯೇ ಇರಲಿಲ್ಲ, ಮೀಸೆ ಮೂಡದ ಹುಡುಗರೇ ರಾಣಿಯರಾಗುತ್ತಿದ್ದರು ಎಂದೂ ಹೇಳಿದಳು. ಅವಳು ಇದನ್ನು ನನ್ನನ್ನು ಬೆರಗುಗೊಳಿಸಲು ಹೇಳಿದ್ದು. ನಾನು ಬೆರಗಾಗಲಿಲ್ಲ. ಗೌರಮ್ಮನವರ ತಮ್ಮ ಕುರುಗೋಡಿನ ಬಯಲಾಟದಲ್ಲಿ ರಾಣಿಯ ವೇಷ ಕಟ್ಟುತ್ತಾನೆ; ಹಗಲು ಹೊಲ ಉಳುವ ಆಳು, ರಾತ್ರಿ ಬೈತಲೆಬಟ್ಟು ಇಟ್ಟರೆ ಅವನ ಹೆಂಡತಿಗೇ ಅಸೂಯೆಯಾಗುತ್ತದೆ ಎಂದೆ. ಬೆರಗಾದವಳು ಅವಳೇ. ಆ ದಿನದ ಪಾಠ ಅಲ್ಲಿಗೇ ಬಿಟ್ಟು, ಬಯಲಾಟಕ್ಕೆ ಇಲ್ಲಿ ಬರೀ ‘ಆಟ’ ಎಂದರೂ ಸಾಕು ಎಂದು ಹೇಳಿಕೊಟ್ಟೆ.

ಅಲ್ಲೇ ಎಡವಟ್ಟಾಯಿತು.

ಹೊಸ ವರ್ಷದ ಮೊದಲ ವಾರದಲ್ಲಿ ದೊರೆಸಾನಿ ಅಚ್ಚ ಬಳ್ಳಾರಿ ಕನ್ನಡದಲ್ಲಿ ಹೇಳಿದಳು: “ಶನಿವಾರ ಸಂಜಿಗಿ ನಮ್ಮಲ್ಲಿ ಹೊಸಾ ಆಟ ಐತಿ. ಗೆಳತೇರನ್ನ ಕರ್ಕೊಂಡು ಬರ್ರಿ.”

ಗೌರಮ್ಮನವರಿಗೆ ಹೇಳಿದೆ. ಆಟ ಎಂಬ ಮಾತು ಕೇಳಿದ್ದೇ ತಡ, ಓಣಿಗೆ ಓಣಿಯೇ ಎದ್ದಿತು. ಆಟ ಎಂದರೆ ಇಲ್ಲಿ ಕೋಳಿ ಕೂಗುವವರೆಗೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿದ್ದಾಯಿತು. ಚಳಿಗೆ ಕೌದಿಗಳು, ತೂಕಡಿಸಿದರೆ ದಿಂಬುಗಳು. ಗೌರಮ್ಮನವರ ಗಂಡನ ಭತ್ತದ ಬಂಡಿಗಳೆರಡು ಬಾಗಿಲಿಗೆ ಬಂದವು. ನನ್ನನ್ನು ಮೊದಲ ಬಂಡಿಯಲ್ಲಿ ಮುಂದೆ ಕೂರಿಸಿದರು. ಬಂದಾಗಿನಿಂದ ನನಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಕೋಟೆ ಗುಡ್ಡದ ಮೇಲೆ ಸಂಜೆಯ ಬೆಳಕು, ಹಿಂದೆ ಹೆಂಗಸರ ಹಾಡು. ಅಣ್ಣ ಬರುವುದಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಅದನ್ನು ನೆನೆದು ಮೊದಲ ಸಲ ಎದೆ ಚುರ್ ಎಂದಿತು.

ಬಂಗಲೆಯ ಜಗಲಿಯಲ್ಲಿ ರಂಗವೂ ಇರಲಿಲ್ಲ, ತೆರೆಯೂ ಇರಲಿಲ್ಲ. ಒಂದು ಪುಟ್ಟ ಮೇಜು, ನಾಲ್ಕು ಕುರ್ಚಿ, ಮೇಜಿನ ಮೇಲೆ ಒಂದು ಚಪ್ಪಟೆ ಡಬ್ಬಿ. ದೊರೆಸಾನಿ ಬಾಗಿಲಲ್ಲಿ ನಿಂತು, ಬಂಡಿಯಿಂದ ಒಬ್ಬೊಬ್ಬರಾಗಿ ಇಳಿಯುವ ಹೆಂಗಸರನ್ನೂ, ಅವರ ಹಿಂದೆ ಇಳಿಯುವ ದಿಂಬುಗಳನ್ನೂ ನೋಡುತ್ತಿದ್ದಳು. ನನಗೆ ಆಗ ಎಲ್ಲವೂ ಅರ್ಥವಾಯಿತು. ಅವಳು ಹೇಳಿದ ಆಟ ಕೂತು ಆಡುವ ಆಟ! ನನ್ನ ಜೊತೆ ಇಬ್ಬರು ಬಂದರೆ ಸಾಕಿತ್ತು.

“ಆಟ ಎಲ್ಲೈತ್ರಿ?” ಗೌರಮ್ಮನವರು ಕೇಳಿದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಷ್ಟು ಜನರನ್ನು ಕರೆತಂದು ಬರಿಗೈಯಲ್ಲಿ ಹಿಂದೆ ಕಳಿಸಿದರೆ, ಆಮೇಲೆ ಆ ಓಣಿಯಲ್ಲಿ ಮುಖವೆತ್ತಿ ತಿರುಗುವುದು ಹೇಗೆ? ಸಂಕ್ರಾಂತಿಯವರೆಗೆ ಕಾಯುವುದೂ ಬೇಡ, ನಾಳೆಯೇ ರೈಲು ಹತ್ತುತ್ತೇನೆ ಎಂದುಕೊಂಡೆ. ಇಂಗ್ಲಿಷಿನಲ್ಲೂ ನಾಟಕಕ್ಕೆ, ಚೆಂಡಾಟಕ್ಕೆ ಒಂದೇ ಮಾತು, ‘ಪ್ಲೇ’. ಕನ್ನಡದಲ್ಲೂ ಹಾಗೇ ಎಂದು ಅವಳು ಪಾಠದಲ್ಲಿ ಕುಣಿದಾಡಿದ್ದಳು. ಆ ಸಂತೋಷದ ಫಲ ಇದು. ತಡವರಿಸುತ್ತ ಎಲ್ಲ ಹೇಳಿದೆ. ದೊರೆಸಾನಿ ಕಂಬ ಹಿಡಿದುಕೊಂಡು ನಕ್ಕಳು. ಮೇಜು ಕುರ್ಚಿ ಎತ್ತಿಸಿದಳು. ಜಮಖಾನ ಹಾಸಿಸಿದಳು. “ಎಲ್ರೂ ಕುಂದರ್ರಿ” ಎಂದು ತಾನೇ ಮೊದಲು ನೆಲದ ಮೇಲೆ ಕುಳಿತಳು.

ಡಬ್ಬಿ ತೆರೆದು, ಬಿಲಾತಿಯಿಂದ ಹಡಗಿನಲ್ಲಿ ಬಂದ ಹೊಚ್ಚ ಹೊಸ ಆಟ, ಇಲ್ಲಿ ಯಾರೂ ನೋಡಿರಲಾರರು ಎಂದು ಹೆಮ್ಮೆಯಿಂದ ಪಟ ಬಿಡಿಸಿದಳು. ಸಾಲು ಸಾಲು ಚೌಕಗಳು. ಅಲ್ಲಲ್ಲಿ ಏಣಿ, ಅಲ್ಲಲ್ಲಿ ಹಾವು.

ಹೆಂಗಸರೆಲ್ಲ ಪಟದ ಮೇಲೆ ಬಗ್ಗಿದರು. ಆಮೇಲೆ ಗೌರಮ್ಮನವರು ತೊಡೆ ತಟ್ಟಿಕೊಂಡರು. “ಅಯ್ಯ ಶಿವನೇ! ಇದು ನಮ್ಮ ವೈಕುಂಠಪಾಳಿ!”

ಅದು ಇಲ್ಲಿಯ ಹೆಸರು, ತೆಲುಗಿನಿಂದ ಬಂದದ್ದು. ನಮ್ಮ ಮೈಸೂರಿನ ಪರಮಪದದ ಪಟ, ಅಷ್ಟೇ. ಅಜ್ಜಿಯ ಜೊತೆ ಏಕಾದಶಿಯ ಜಾಗರಣೆಗೆ ಆಡಿದ ಆಟ ಸಮುದ್ರ ದಾಟಿ ಹೋಗಿ, ಹೊಸ ಅಂಗಿ ತೊಟ್ಟು ನನ್ನ ಮುಂದೆ ಬಂದು ಕುಳಿತಿತ್ತು. ದೊರೆಸಾನಿಗೆ ನಂಬಿಕೆಯೇ ಬರಲಿಲ್ಲ. ಹೆಂಗಸರು ಅವಳಿಗೆ ಕಲಿಸುವ ಗೋಜಿಗೂ ಹೋಗದೆ ದಾಳ ಉರುಳಿಸತೊಡಗಿದರು. ಹಾವಿನ ಬಾಯಿಗೆ ಬಿದ್ದವಳಿಗೆ ಎಲ್ಲರೂ ಕೂಗಿ ಹಂಗಿಸಿದರು. ಪ್ಯಾಂಟೊಮೈಮಿನ ಜನ ಹೀಗೇ ಕೂಗುವುದು ಎಂದು ದೊರೆಸಾನಿ ನನ್ನ ಕಿವಿಯಲ್ಲಿ ಹೇಳಿ ತಾನೂ ಕೂಗಿದಳು. ಆ ಹೊತ್ತಿಗೆ ಕಪ್ತಾನರು ಬಿಳಿ ಬಟ್ಟೆಯಲ್ಲಿ ಮೈದಾನದಿಂದ ಬಂದವರು ಜಗಲಿಯ ತುಂಬ ಹೆಂಗಸರನ್ನೂ ಬುತ್ತಿಗಂಟುಗಳನ್ನೂ ಕಂಡು ಮೆಟ್ಟಿಲ ಮೇಲೇ ನಿಂತರು. “ಪಾಪ, ಮಡಿ ಉಟ್ಟಾರ, ಮುಟ್ಟಬ್ಯಾಡ್ರಿ, ದಾರಿ ಬಿಡ್ರಿ” ಎಂದು ಗೌರಮ್ಮನವರು ಎಲ್ಲರನ್ನೂ ಪಕ್ಕಕ್ಕೆ ಸರಿಸಿದರು.

ಆಟ ಮೇಲೇರಿ ಗೌರಮ್ಮನವರ ಕಾಯಿ ನೂರರ ಹತ್ತಿರ ಬಂತು. ಅವರು ಪಟಕ್ಕೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. ನಮ್ಮ ಪಟದ ತುದಿಯಲ್ಲಿ ವೈಕುಂಠವಿರುತ್ತದೆ, ಶಂಖಚಕ್ರ ಹಿಡಿದ ಸ್ವಾಮಿ ಇರುತ್ತಾನೆ. ಇದರಲ್ಲಿ ನೂರು ಎಂಬ ಅಂಕಿ ಬಿಟ್ಟು ಏನೂ ಇರಲಿಲ್ಲ.

“ಈ ಮೈಸೂರಮ್ಮನ ವೈಕುಂಠ ಇಲ್ಲಂದ್ರ ಹೋಗ್ಲಿ, ನಮ್ಮ ಕೈಲಾಸ ಇಲ್ಲಂದ್ರೂ ಹೋಗ್ಲಿ. ಯಾರಾರ ಒಬ್ರು ಇರಬೇಕಲ್ರಿ! ಇಷ್ಟು ಕಷ್ಟಪಟ್ಟು ಹತ್ತಿ ಯಾರ ಮಾರಿ ನೋಡೂದು?” ಎಂದು ದೊರೆಸಾನಿಯ ಕಡೆ ತಿರುಗಿ ಕೇಳಿದರು: “ಏನ್ರಿ, ಕಡೀ ಮನ್ಯಾಗ ಯಾರದಾರ?”

ಪಟದ ಚೌಕವನ್ನು ನಾವು ಮನೆ ಎನ್ನುತ್ತೇವೆ. ದೊರೆಸಾನಿಗೆ ನಾನು ಆ ಅರ್ಥ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಮನೆ. ಅವಳ ನಗು ನಿಂತಿತು. ಒಂದೊಂದೇ ಮಾತು ಹುಡುಕಿ ಹೇಳಿದಳು:

“ಮನ್ಯಾಗ... ನಮ್ಮ ಅವ್ವ ಅದಾಳ. ತಂಗಿ ಅದಾಳ. ಎರಡು ನಾಯಿ ಅದಾವು.”

ನಾನು ತಿದ್ದಲು ಬಾಯಿ ತೆರೆದೆ. ಗೌರಮ್ಮನವರು ನನ್ನ ಕೈ ಅದುಮಿ ತಡೆದರು. ಎಲೆಅಡಿಕೆ ಚೀಲ ಬಿಚ್ಚಿ, ಒಂದು ಅಡಿಕೆ ತೆಗೆದು ನೂರರ ಮೇಲೆ ಇಟ್ಟರು. “ಬರೋಬ್ಬರಿ ಐತಿ. ಇಕಿ ನಿಮ್ಮ ಅವ್ವ, ಇಲ್ಲೇ ಕುಂತಿರ್ಲಿ. ಮೊದ್ಲು ಯಾರು ಮುಟ್ತಾರ ನೋಡೂಣು.”

ಪಕ್ಕದ ಮನೆಯವಳು ಮತ್ತೊಂದು ಅಡಿಕೆ ಇಟ್ಟಳು, ಕುರುಗೋಡಿನಲ್ಲಿರುವ ತನ್ನ ಅವ್ವನಿಗೆಂದು. ಗೌರಮ್ಮನವರು ಸಿರುಗುಪ್ಪದ ತಮ್ಮ ಅವ್ವನನ್ನು ಕೂರಿಸಿದರು. ನೋಡುತ್ತಿದ್ದಂತೆ ಆ ಪುಟ್ಟ ಚೌಕದ ಮೇಲೆ ಅಡಿಕೆಯ ರಾಶಿ. ಅಲ್ಲಿದ್ದ ಪ್ರತಿಯೊಬ್ಬಳೂ ಎಲ್ಲಿಂದಲೋ ಬಂದವಳೇ. ತವರು ಬಿಟ್ಟು ಪರ ಊರಿಗೆ ಬಂದವಳು ನಾನೊಬ್ಬಳೇ ಎಂದುಕೊಂಡು ಇಷ್ಟು ತಿಂಗಳು ಹಲ್ಲಿಯೊಡನೆ ಮಾತಾಡಿದೆನಲ್ಲ! ನನಗೆ ನಗು ಅಳು ಒಟ್ಟಿಗೇ ಬಂದವು. “ಮೈಸೂರಮ್ಮ, ನಿಮ್ಮ ಅವ್ವನ್ನ ಯಾಕ ಹೊರಗ ನಿಲ್ಲಿಸೀರಿ?” ಎಂದು ಗೌರಮ್ಮನವರು ನನ್ನ ಕೈಗೂ ಒಂದು ಅಡಿಕೆ ಕೊಟ್ಟರು.

ಗೆದ್ದವರು ಯಾರೆಂದು ನನಗೆ ನೆನಪಿಲ್ಲ. ದೊರೆಸಾನಿ ಸಜ್ಜೆ ರೊಟ್ಟಿ ಕಟಕಟ ಕಡಿದದ್ದು, ಚಟ್ನಿಯ ಖಾರಕ್ಕೆ ಕಪ್ತಾನರು ಜಗಲಿಯ ಉದ್ದಕ್ಕೂ ಓಡಾಡಿದ್ದು ನೆನಪಿದೆ.

ಸಂಕ್ರಾಂತಿಗೆ ಅಣ್ಣ ಬಂದ. ನಾವಿಬ್ಬರೂ ಸ್ಟೇಷನ್ನಿಗೆ ಹೋಗಿದ್ದೆವು. ಇಳಿದವನೇ ನನ್ನ ಮುಖ ನೋಡಿ, “ಏನೇ, ಕಪ್ಪಾಗಿಹೋಗಿದ್ದೀಯಲ್ಲೇ! ಸಾಮಾನೆಲ್ಲ ಕಟ್ಟಿದ್ದೀಯಾ? ಮನೆಗೆ ಹೋಗಿಬಿಡೋಣ” ಎಂದ. ನಾನು ಅವನ ಗಂಟನ್ನು ಕೈಗೆ ತೆಗೆದುಕೊಂಡು ಜಟಕಾದವನಿಗೆ, “ಮನಿಗಿ ನಡೀರಿ” ಎಂದೆ. ಜಟಕಾ ಕೌಲ್ ಬಜಾರಿನ ಕಡೆ ಹೊರಟಿತು. ಅಣ್ಣ ನನ್ನನ್ನು ನೋಡಿದ, ನಮ್ಮವರನ್ನು ನೋಡಿದ. ನಮ್ಮವರು ಕೋಟೆ ಗುಡ್ಡವನ್ನು ಅದೇ ಮೊದಲು ಕಂಡವರ ಹಾಗೆ ನೋಡುತ್ತ ಮೀಸೆಯಡಿಯಲ್ಲಿ ನಗುತ್ತಿದ್ದರು. ಹಬ್ಬದ ಎಳ್ಳು ಬೆಲ್ಲ ತಿಂದು ಅಣ್ಣ ಒಬ್ಬನೇ ಹಿಂದೆ ಹೋದ.

ಹೋದ ಬೇಸಿಗೆಯಲ್ಲಿ ತವರಿಗೆ ಬಂದಿದ್ದೆ, ನಿಮ್ಮಲ್ಲಿ ಕೆಲವರು ನೋಡಿದಿರಿ. ಅಮ್ಮನ ಜೊತೆ ಪರಮಪದ ಆಡಲು ಕುಳಿತೆ. ತುದಿಯ ಮನೆಯಲ್ಲಿ ಸ್ವಾಮಿ ಎಂದಿನಂತೆ ನಗುತ್ತಿದ್ದ. ಯಾಕೋ ಕೈ ತಡೆಯದೆ ಅವನ ಪಕ್ಕದಲ್ಲಿ ಒಂದು ಅಡಿಕೆ ಇಟ್ಟೆ. “ಅದ್ಯಾರೇ?” ಎಂದಳು ಅಮ್ಮ. “ಗೌರಮ್ಮ. ನಾನಿಲ್ದ ಆಕಿ ಅಲ್ಲಿ ಒಬ್ಬಾಕೀನ ಆಗ್ಯಾಳ ಈಗ” ಎಂದುಬಿಟ್ಟೆ. ಅಮ್ಮ ಕವಡೆ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. “ಇದೇನೇ ನಿನ್ನ ಮಾತು! ನಿಜ ಹೇಳು, ಈಗ ನಿನ್ನ ಮನೆ ಯಾವುದೇ?”

ಅಮ್ಮನ ಕೈಯಡಿಯಿಂದ ಕವಡೆ ಎತ್ತಿಕೊಂಡೆ. “ತಡಿ,” ಎಂದೆ, “ಎಷ್ಟು ಬೀಳುತ್ತೋ ನೋಡಿ ಹೇಳ್ತೀನಿ.”