ದೇವದಾಸನ ಗಾಡಿಗೆ ಹೊಸ ಬೂಟು

ಗಾಡಿಯಡಿ ಮಲಗಿದ ದೇವದಾಸನಿಗೆ ಮೊದಲು ಕಂಡದ್ದು ಚಕ್ರದ ಒಳಮೈಗೆಲ್ಲ ಸಿಡಿದ ಕಪ್ಪು ಗ್ರೀಸು. ಎಡಗಡೆಯ ಆಕ್ಸೆಲ್ ಬೂಟು ಹರಿದಿತ್ತು. ಆಕ್ಸೆಲ್ಲಿನ ಗೆಣ್ಣಿಗೆ ತೊಡಿಸುವ ರಬ್ಬರಿನ ಚೀಲ ಅದು. ಹರಿದರೆ ಗ್ರೀಸು ಹೊರಗೆ, ಮಣ್ಣು ಒಳಗೆ. ಗೆಣ್ಣು ಸವೆದುಹೋದರೆ ಮುಂದಿನ ಚಕ್ರ ಎಳೆಯುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಪಿಕಪ್ ಆಲೆಟ್ಟಿಯ ಆ ಗುಡ್ಡದ ಬದಿಯಲ್ಲಿ ಇರುವುದು ಅವನದೊಂದೇ.

ಬೆಳ್ಳಾರೆಯ ಮೆಕ್ಯಾನಿಕ್ ಜಾಸಿರ್‌ಗೆ ಫೋನ್ ಮಾಡಿದ.

"ಈಗ ಟ್ಯೂಬು ಸುತ್ತಿ ಓಡ್ಸಿ ಮಾರಾಯ್ರೆ, ಸೋಮವಾರ ನೋಡುವ. ನಿಮ್ಮ ಗಿರಾಕಿಗಳು ಎದ್ದು ಕಂಪ್ಲೇಂಟ್ ಮಾಡ್ಲಿಕ್ಕುಂಟಾ?"

"ಇದು ಆ ಬಾಡಿಗೆ ಅಲ್ಲ. ದುಗ್ಗಪ್ಪಣ್ಣನ ಹೊಸ ಮನೆ ಒಕ್ಕಲು. ಅಡುಗೆ ಪಾತ್ರೆ ತರ್ಲಿಕ್ಕೆ ನಂಗೆ ಹೇಳಿದ್ದಾರೆ."



"ನಿಮ್ಗಾ? ಹಾಗಾದ್ರೆ ಹೊಸದೇ ಹಾಕಿ."

ಆಸ್ಪತ್ರೆಯಲ್ಲಿ ಸತ್ತವರನ್ನು ಗುಡ್ಡದ ಮನೆಗಳಿಗೆ ಮುಟ್ಟಿಸುವವನು ದೇವದಾಸ. ಡಾಮರು ಮುಗಿದಲ್ಲಿ ಆಂಬುಲೆನ್ಸು ನಿಲ್ಲುತ್ತದೆ. ಅಲ್ಲಿಂದ ಮೇಲೆ ಅವನೇ ಗತಿ. ಆದರೆ ಹೆಣ ಏರಿದ ಗಾಡಿಗೆ ಗೃಹಪ್ರವೇಶದಂಥ ಶುಭದ ಸಾಮಾನು ಏರಿಸಬಾರದಂತೆ. ಯಾವ ಶಾಸ್ತ್ರ? ಗಂಡಸರನ್ನು ಕೇಳಿದರೆ ಹೆಂಗಸರು ಒಪ್ಪುವುದಿಲ್ಲ ಎನ್ನುತ್ತಾರೆ, ಹೆಂಗಸರು ಹಿರಿಯರ ಹೆಸರು ಹೇಳುತ್ತಾರೆ. ಕೈ ಮುಟ್ಟದೆ ಒಬ್ಬ ಮನುಷ್ಯನನ್ನು ಹೊರಗೆ ದಬ್ಬುವ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಡಬದಿಂದ ಬಂದ ದುಗ್ಗಪ್ಪನ ಸೊಸೆ ಭವಿತಾಳಿಗೆ ಅದಿನ್ನೂ ಬಂದಿರಲಿಲ್ಲ. "ಅಣ್ಣ, ಪಾತ್ರೆ ನೀವೇ ತರ್ಬೇಕು" ಎಂದಿದ್ದಳು.

ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಬೂಟು ತಂದ. ಆಕ್ಸೆಲ್ ಬಿಚ್ಚುವಾಗ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಇರಲಿಲ್ಲ. ಗಾಡಿಯಡಿಯ ಚಾಸಿಗೆ ಹಗ್ಗ ಕಟ್ಟಿ ಅದರಲ್ಲಿ ತೂಗುಹಾಕಿ, "ಸರಿ ಹಿಡ್ಕೊ ಆಯ್ತಾ" ಎಂದು ಹಗ್ಗಕ್ಕೇ ಹೇಳಿದ. ಗೆಣ್ಣನ್ನು ಡೀಸೆಲ್‌ನಲ್ಲಿ ತೊಳೆದು, ಮಣ್ಣಿನ ಹರಳು ಉಳಿಯಿತೋ ಎಂದು ಬೆರಳಲ್ಲಿ ತಡವಿ, ಹೊಸ ಗ್ರೀಸು ತುಂಬಿ, ಬೂಟು ತೊಡಿಸಿ ಪಟ್ಟಿ ಬಿಗಿದ. ಕೊನೆಗೆ ಗಾಡಿಯನ್ನು ಸೋಪು ಹಾಕಿ ತೊಳೆದ.

ಮರುದಿನ ಬೆಳಿಗ್ಗೆ ಊರಿನ ಅಡುಗೆ ಪಾತ್ರೆ ಇಡುವ ಭಜನಾ ಮಂದಿರದ ಹತ್ತಿರ ಹೋದರೆ ಅವು ಸುಳ್ಯದಿಂದ ಬಂದ ಬೇರೊಂದು ಪಿಕಪ್ ಏರಿ ಆಗಿತ್ತು. ದುಗ್ಗಪ್ಪ ಅವನ ಮುಖ ನೋಡಲಿಲ್ಲ.

"ಸೊಸೆಗೆ ಗೊತ್ತಾಗ್ಲಿಲ್ಲ ಮಾರಾಯ. ನೀನು ಊಟಕ್ಕೆ ಬಾ."

ದೇವದಾಸ ತಲೆಯಾಡಿಸಿದ. ಅವನು ಸ್ಟಾರ್ಟ್ ಮಾಡುವ ಮೊದಲೇ ಸುಳ್ಯದ ಗಾಡಿ ಏರಿನಲ್ಲಿ ಹಿಂದಿನ ಚಕ್ರ ತಿರುಗಿಸುತ್ತ, ಧೂಳೆಬ್ಬಿಸುತ್ತ ಜಾರತೊಡಗಿತು. ಪಾತ್ರೆಗಳು ಗಡಗಡ ಎಂದವು. ಒಲೆ ಹೊತ್ತಿಸುವ ಹೊತ್ತು ಮೀರುತ್ತಿತ್ತು. ಅದರಲ್ಲಿ ಕೂತಿದ್ದ ದುಗ್ಗಪ್ಪ ಇಳಿದು ಬಂದ.

"ದೇವಣ್ಣ, ಒಂದು ಹಗ್ಗ ಕಟ್ಟಿ ಎಳೀತಿಯಾ?"

"ಹೊರ್ಲಿಕ್ಕೆ ಆಗುದಿಲ್ಲ, ಎಳೀಲಿಕ್ಕೆ ಆಗ್ತದಾ?"

"ಎಳ್ದರೆ ಎಂತ ಇಲ್ಲ. ಪಾತ್ರೆ ನಿನ್ನ ಗಾಡಿ ಮುಟ್ಟುದಿಲ್ಲಲ್ಲ."

ದೇವದಾಸ ಹಗ್ಗ ಕಟ್ಟಿದ. ನಾಲ್ಕೂ ಚಕ್ರ ಕಚ್ಚಿದವು. ಶುಭವನ್ನು ಹಿಂದೆ ಕಟ್ಟಿಕೊಂಡು ಅಶುಭ ಮುಂದೆ ಮುಂದೆ ಏರಿತು. ಶಾಸ್ತ್ರಕ್ಕೆ ಯಾವ ಭಂಗವೂ ಬರಲಿಲ್ಲ. ಮನೆಯ ಮಾವಿನ ತೋರಣ ಕಾಣುವ ತಿರುವಿನಲ್ಲಿ, ಪಕ್ಕದಲ್ಲೇ ನಡೆದು ಬರುತ್ತಿದ್ದ ದುಗ್ಗಪ್ಪ ಕೈ ಎತ್ತಿದ.

"ಇಲ್ಲಿಗೆ ಸಾಕು. ಇನ್ನು ಅದೇ ಹೋಗ್ತದೆ."

ಹಗ್ಗ ಬಿಚ್ಚುತ್ತ ದೇವದಾಸ ಕೇಳಿದ: "ಹೋದ ಮಳೆಗಾಲ ನಿಮ್ಮ ಅಮ್ಮನ ತಂದಾಗ ಇಲ್ಲಿಗೆ ಸಾಕು ಅಂತ ಯಾರೂ ಹೇಳ್ಲಿಲ್ಲಲ್ಲ ದುಗ್ಗಪ್ಪಣ್ಣ?"

ದುಗ್ಗಪ್ಪ ಶಾಲು ಸರಿಮಾಡಿಕೊಂಡ. ತಿರುವಿನ ಅಂಚಿಗೆ ಒತ್ತಿ ನಿಂತ ದೇವದಾಸನ ಪಿಕಪ್ಪನ್ನು ದಾಟಿ ಸುಳ್ಯದ ಗಾಡಿ ಅಂಗಳಕ್ಕೆ ಹೋಯಿತು. ಭವಿತಾ ಓಡಿ ಬಂದಳು, ಮಾವನನ್ನು ನೋಡಿ ಅರ್ಧದಲ್ಲೇ ನಿಂತಳು.

"ಊಟಕ್ಕೆ ಇರು ಮಾರಾಯ. ನಾಳೆ ಬೇಕಾದ್ರೆ ನಿನ್ನನ್ನೇ ಅಲ್ವಾ ಕರೆಯುದು?" ಎಂದ ದುಗ್ಗಪ್ಪ.

ಇನ್ನು ಕರೆದರೂ ಬರುದಿಲ್ಲ ಎನ್ನಬೇಕೆಂದಿದ್ದ ದೇವದಾಸ. ಮೇಲಿನ ಮನೆಗಳಲ್ಲಿ ಕೆಮ್ಮುವ ಮುದುಕರ ಮುಖಗಳು ಕಣ್ಣಿಗೆ ಬಂದವು.

"ಕರೀರಿ, ಬರ್ತೇನೆ" ಎಂದ.

ಆ ದಾರಿಯಲ್ಲಿ ಗಾಡಿ ತಿರುಗಿಸಲು ಜಾಗ ಇರುವುದು ಅಂಗಳದಲ್ಲಿ ಮಾತ್ರ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಗುಡ್ಡದುದ್ದಕ್ಕೂ ರಿವರ್ಸಿನಲ್ಲೇ ಇಳಿದ.